ಹೊಸ ನಾಟಕವನ್ನು ಹದಗೊಳಿಸುವುದು ಹೇಗೆ: ಲಾಯ್ಡ್ ರಿಚರ್ಡ್ಸ್ ಅವರ ಕ್ರಮ

ಹೊಸ ನಾಟಕಕಾರರೊಡನೆ ಕೆಲಸ ಮಾಡಬಯಸುವ ನಿರ್ದೇಶಕರು ಅಮೆರಿಕದ ಲಾಯ್ಡ್ ರಿಚರ್ಡ್ಸ್ ಅವರ ವೃತ್ತಿಜೀವನವನ್ನು ಗಮನಿಸಬೇಕು. 1959ರಲ್ಲಿ ಲೊರೇನ್ ಹ್ಯಾನ್ಸ್‌ಬೆರಿಯವರ ‘ಎ ರೈಸಿನ್ ಇನ್ ದ ಸನ್’ ನಾಟಕವನ್ನು ನಿರ್ದೇಶಿಸಿ ನ್ಯೂಯಾರ್ಕ್‌ನ ಪ್ರಸಿದ್ಧ ರಂಗಮಂದಿರಗಳ ಪ್ರದೇಶವಾದ ಬ್ರಾಡ್‌ವೇಗೆ ತಂದ ಅವರು, 1968ರಿಂದ 1999ರವರೆಗೆ ಕನೆಕ್ಟಿಕಟ್‌ನ ಓನೀಲ್ ರಂಗಕೇಂದ್ರದಲ್ಲಿ ನಾಟಕಕಾರರ ಸಮ್ಮೇಳನವನ್ನು ಮುನ್ನಡೆಸಿದರು.

ಅಲ್ಲಿನ ಪದ್ಧತಿಯಂತೆ, ಮೊದಲು ಅದ್ದೂರಿ ರಂಗಸಜ್ಜಿಕೆಯ ಆಸೆಯನ್ನು ಬಿಟ್ಟು, ನಟರು ಹಸ್ತಪ್ರತಿಯನ್ನು ಕೈಯಲ್ಲಿ ಹಿಡಿದೇ ಅಭಿನಯಿಸುವ ಪ್ರಯೋಗವನ್ನು ಪ್ರೇಕ್ಷಕರ ಮುಂದೆ ಏರ್ಪಡಿಸಿ. ಬೆಳಕು, ಬಣ್ಣಗಳ ಮರೆಯಿಲ್ಲದಿದ್ದಾಗ ಮಾತು ಎಲ್ಲಿ ಸೊರಗುತ್ತದೆ, ದೃಶ್ಯ ಎಲ್ಲಿ ಅನಗತ್ಯವಾಗಿ ಹಿಗ್ಗುತ್ತದೆ ಎಂಬುದು ಬರೆದವರಿಗೇ ಕೇಳಿಸುತ್ತದೆ. ನಿರ್ದೇಶಕರು ಪ್ರಶ್ನೆ ಕೇಳಬೇಕು. ತಿದ್ದುವ ಲೇಖನಿ ಮಾತ್ರ ನಾಟಕಕಾರರ ಕೈಯಲ್ಲೇ ಇರಬೇಕು. (ನಮ್ಮಲ್ಲಿ ಅನೇಕ ನಿರ್ದೇಶಕರಿಗೆ ಇದೇ ಕಷ್ಟದ ಪಾಠ.)

ಒಮ್ಮೆ ತಿರಸ್ಕೃತರಾದ ನಾಟಕಕಾರರಿಗೆ ಬಾಗಿಲು ಮುಚ್ಚಬೇಡಿ. ಅಮೆರಿಕದ ನಾಟಕಕಾರ ಆಗಸ್ಟ್ ವಿಲ್ಸನ್ ಓನೀಲ್ ಸಮ್ಮೇಳನಕ್ಕೆ ಕಳುಹಿಸಿದ ಹಲವು ನಾಟಕಗಳು ಆಯ್ಕೆಯಾಗದೆ ಹಿಂದಿರುಗಿದ ಮೇಲೆ, 1982ರಲ್ಲಿ ‘ಮಾ ರೇನೀಸ್ ಬ್ಲ್ಯಾಕ್ ಬಾಟಮ್’ ಅಲ್ಲಿ ಓದಲ್ಪಟ್ಟಿತು. 1984ರಲ್ಲಿ ರಿಚರ್ಡ್ಸ್ ಅವರ ನಿರ್ದೇಶನದಲ್ಲಿ ಯೇಲ್ ವಿಶ್ವವಿದ್ಯಾಲಯದ ವೃತ್ತಿಪರ ರಂಗಮಂದಿರವಾದ ಯೇಲ್ ರೆಪರ್ಟರಿಯಲ್ಲಿ ಪ್ರದರ್ಶನಗೊಂಡು, ಅದೇ ವರ್ಷ ಬ್ರಾಡ್‌ವೇ ತಲುಪಿತು. ಯೇಲ್ ನಾಟಕ ಶಾಲೆಯ ಡೀನ್ ಹುದ್ದೆಯೂ ಆಗ ಅವರದೇ ಆಗಿದ್ದರಿಂದ ಓದಿನಿಂದ ರಂಗಕ್ಕೆ ಸೇತುವೆ ಸಿದ್ಧವಿತ್ತು.

ಅಂಥ ಸೌಕರ್ಯವಿಲ್ಲದ ತಂಡಗಳು ಒಂದೇ ನಾಟಕವನ್ನು ಬೇರೆ ಬೇರೆ ಊರುಗಳಲ್ಲಿ ಆಡಿ, ಪ್ರತಿ ಪ್ರದರ್ಶನದ ಬಳಿಕ ತಿದ್ದುಪಡಿಗೆ ಕೆಲವು ದಿನಗಳ ಬಿಡುವು ಇಟ್ಟುಕೊಳ್ಳಬಹುದು. ವಿಲ್ಸನ್ ಅವರ ಮುಂದಿನ ನಾಟಕಗಳೂ ಹೀಗೆಯೇ ಹಲವು ನಗರಗಳ ರಂಗಮಂದಿರಗಳನ್ನು ಹಾದು ಬ್ರಾಡ್‌ವೇಗೆ ಬಂದವು. ಅವುಗಳಲ್ಲೊಂದಾದ ‘ಫೆನ್ಸಸ್’ ನಿರ್ದೇಶನಕ್ಕಾಗಿ ರಿಚರ್ಡ್ಸ್ ಅವರಿಗೆ 1987ರಲ್ಲಿ ಬ್ರಾಡ್‌ವೇ ರಂಗಭೂಮಿಯ ಟೋನಿ ಪ್ರಶಸ್ತಿ ಸಂದಿತು.