ದಿಂಬು ಅವುಚಿಕೊಂಡು ಕಲಿತ ಉಸಿರಾಟ

ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಆದ ಮೂರನೆಯ ದಿನ ಫಿಸಿಯೋಥೆರಪಿಸ್ಟ್ ನನ್ನ ಕೈಗೆ 3 ಚೆಂಡುಗಳ ಸ್ಪೈರೋಮೀಟರ್ ಕೊಟ್ಟರು. ಜೋರಾಗಿ ಊದಿದೆ, ಒಂದು ಚೆಂಡೂ ಅಲುಗಲಿಲ್ಲ. ಅದು ಊದುವುದಲ್ಲ, ನಿಧಾನವಾಗಿ ಒಳಗೆಳೆಯುವ ಸಾಧನ! ಚೆಂಡು ಮೇಲೇರಿದಾಗ 2–3 ಸೆಕೆಂಡು ಹಾಗೆಯೇ ಇದ್ದು ಉಸಿರು ಬಿಡಬೇಕು. ಎಚ್ಚರವಿರುವಾಗ ಗಂಟೆಗೆ 10 ಸಲ. ನೋವಿಗೆ ಹೆದರಿ ಮೇಲುಮೇಲೆ ಉಸಿರಾಡಿದರೆ ಶ್ವಾಸಕೋಶದ ತಳಭಾಗ ಮುದುಡಿ ಕಫ ಕಟ್ಟುತ್ತದೆ. ಕೆಮ್ಮು ಬಂದರೆ ತಡೆಯಬೇಡಿ. ದಿಂಬನ್ನು ಎದೆಗೆ ಗಟ್ಟಿಯಾಗಿ ಅವುಚಿಕೊಂಡು ಕೆಮ್ಮಿ. ನನ್ನ ದಿಂಬು ಎರಡು ತಿಂಗಳು ನನ್ನ ಜೊತೆಯಲ್ಲೇ ಓಡಾಡಿತು.

ಮನೆಗೆ ಬಂದ ಮೇಲೆ ಹೊಟ್ಟೆಯ ಉಸಿರಾಟ. ಒರಗಿ ಕುಳಿತು ಒಂದು ಕೈಯನ್ನು ಎದೆಯ ಮೇಲೆ, ಇನ್ನೊಂದನ್ನು ಹೊಟ್ಟೆಯ ಮೇಲೆ ಇಡಿ. ಮೂಗಿನಿಂದ ಎಳೆದಾಗ ಹೊಟ್ಟೆಯ ಮೇಲಿನ ಕೈ ಏಳಬೇಕು, ಎದೆಯದು ಹೆಚ್ಚು ಕದಲಬಾರದು. ಬಿಡುವಾಗ ದೀಪದ ಕುಡಿ ಆರದೆ ಬಳುಕುವಷ್ಟು ಮೆಲ್ಲಗೆ, ತುಟಿ ಕಿರಿದಾಗಿಸಿ, ಎಳೆದದ್ದರ ಎರಡರಷ್ಟು ಹೊತ್ತು. 5 ನಿಮಿಷ ಸಾಕು.

ಮೆಟ್ಟಿಲು ಹತ್ತುವಾಗ, ಶೌಚಾಲಯದಲ್ಲಿ ಉಸಿರು ಬಿಗಿಹಿಡಿದು ತಿಣುಕಬೇಡಿ, ರಕ್ತದೊತ್ತಡ ಏರುತ್ತದೆ. ಗೆಳೆಯನೊಬ್ಬ ಕಪಾಲಭಾತಿ (ರಭಸದಿಂದ ಉಸಿರು ಹೊರದಬ್ಬುವ ಯೋಗಾಭ್ಯಾಸ) ಶುರುಮಾಡೆಂದು ಪೀಡಿಸಿದ. ವೈದ್ಯರು ಖಡಾಖಂಡಿತವಾಗಿ ಬೇಡವೆಂದರು. ತಲೆಸುತ್ತು ಬಂದರೆ ಅಭ್ಯಾಸ ನಿಲ್ಲಿಸಿ. ಎದೆ ಹಿಂಡಿದಂತಾಗಿ ವಿಶ್ರಾಂತಿಯಲ್ಲೂ ಕಡಿಮೆಯಾಗದಿದ್ದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ.