ಆರ್ಕಿಡ್ ಹೂವು ತಿಂಗಳುಗಟ್ಟಲೆ ನಿಲ್ಲಬೇಕೇ?

ಆರ್ಕಿಡ್ ಕುಂಡ ಮನೆಗೆ ಬಂದ ದಿನ ಎಲ್ಲರ ಕಣ್ಣೂ ಹೂವಿನ ಮೇಲೆ. ನಾನು ಮಾತ್ರ ಮೊದಲು ಬೇರು ನೋಡುತ್ತೇನೆ. ಮನೆಗಳಲ್ಲಿ ಜಾಸ್ತಿ ಕಾಣುವ ಫೆಲನಾಪ್ಸಿಸ್ ಎಂಬ ಆರ್ಕಿಡ್ ಕಾಡಿನಲ್ಲಿ ಮರದ ಕೊಂಬೆ ಹಿಡಿದು ಬೆಳೆಯುವ ಗಿಡ. ಅದರ ಬೇರಿಗೆ ಗಾಳಿ ಬೇಕು. ಬೇರು ಬೆಳ್ಳಗೆ ಬೂದಿ ಬಣ್ಣಕ್ಕಿದ್ದರೆ ನೀರು ಕೊಡಿ, ಹಸಿರಾಗಿದ್ದರೆ ಸುಮ್ನೆ ಬಿಟ್ಟುಬಿಡಿ. ಮಣ್ಣಿನಲ್ಲಿ ನೆಡಬೇಡಿ, ಮರದ ತೊಗಟೆ ಚೂರು ಸಾಕು. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಸುಳಿ ಕೊಳೆಯುತ್ತದೆ.

ಈಗ ಹೂವನ್ನು ಹತ್ತಿರದಿಂದ ನೋಡಿ. ಹೊರಗೆ ಮೂರು, ಒಳಗೆ ಮೂರು ಎಸಳು. ಒಳಗಿನ ಮೂರರಲ್ಲಿ ಒಂದು ಮಾತ್ರ ಬೇರೆಯೇ ರೂಪದಲ್ಲಿ ತುಟಿಯ ಹಾಗೆ ಮುಂದೆ ಚಾಚಿರುತ್ತದೆ. ಹಾರಿಬಂದ ಹುಳುವಿಗೆ ಕೂರಲು ಹಾಕಿದ ಮಣೆ ಅದು! ಅದರ ಮೇಲೊಂದು ಪುಟ್ಟ ಕಂಬ. ಗಂಡು, ಹೆಣ್ಣು ಭಾಗಗಳೆರಡೂ ಅದರಲ್ಲೇ ಕೂಡಿಕೊಂಡಿವೆ. ಕಂಬದ ತುದಿಯ ಟೊಪ್ಪಿಯೊಳಗೆ ಪರಾಗ ಇರುತ್ತದೆ, ಪುಡಿಯಾಗಿ ಅಲ್ಲ, ಹಳದಿ ಉಂಡೆಯಾಗಿ. ಎಷ್ಟು ಸಲ ನೋಡಿದರೂ ನನಗೆ ತಣಿಯುವುದಿಲ್ಲ. ಆದರೆ ಕಣ್ಣಲ್ಲಿ ನೋಡಿ, ಬೆರಳು ಹಾಕಬೇಡಿ. ಆ ಉಂಡೆ ಕದಲಿದರೆ ಎರಡು ಮೂರು ತಿಂಗಳು ನಿಲ್ಲಬೇಕಾದ ಹೂವು ಬೇಗ ಬಾಡಿಹೋಗುತ್ತದೆ.

ಮೊಗ್ಗು ಅರಳುವ ಮೊದಲು ತನ್ನ ತೊಟ್ಟಿನ ಮೇಲೆ ಅರ್ಧ ಸುತ್ತು ತಿರುಗಿ ತುಟಿಯನ್ನು ಕೆಳಗೆ ತಂದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಕುಂಡವನ್ನು ಅತ್ತಿತ್ತ ತಿರುಗಿಸಿದರೆ ಹೂವುಗಳು ಒಂದೊಂದು ಕಡೆ ಮುಖ ಮಾಡಿ ನಿಲ್ಲುತ್ತವೆ. ಬೆಳಕಿನ ಕಿಟಕಿ ಒಂದೇ ಇರಲಿ, ನೇರ ಬಿಸಿಲು ಬೇಡ.

ಒಮ್ಮೆ ನನ್ನ ಗಿಡದಲ್ಲಿ ಏಳು ಮೊಗ್ಗಿದ್ದವು. ನೀರು, ಬೆಳಕು ಎಲ್ಲ ಸರಿಯಾಗೇ ಇತ್ತು. ಆದರೂ ನಾಲ್ಕೇ ದಿನದಲ್ಲಿ ಐದು ಹಳದಿಯಾಗಿ ಉದುರಿದವು. ತುಂಬಾ ಬೇಜಾರಾಯಿತು. ಆಮೇಲೆ ನೋಡಿದರೆ ಪಕ್ಕದಲ್ಲೇ ಮಾಗಿದ ಹಣ್ಣಿನ ಬುಟ್ಟಿ. ಹಣ್ಣು ಮಾಗುವಾಗ ಎಥಿಲೀನ್ ಎಂಬ ಅನಿಲ ಬಿಡುತ್ತದೆ, ಮೊಗ್ಗಿಗೆ ಅದು ಆಗಿಬರುವುದಿಲ್ಲ. ಬುಟ್ಟಿ ಬೇರೆ ಕೋಣೆಗೆ ಹೋಯಿತು, ಉಳಿದ ಎರಡು ಚೆನ್ನಾಗಿ ಅರಳಿದವು.

ಹೂವೆಲ್ಲ ಉದುರಿದ ಮೇಲೆ ಗಿಡ ಸತ್ತಿತು ಅಂತ ಎಸೆಯಬೇಡಿ. ದಂಟು ಇನ್ನೂ ಹಸಿರಾಗಿದೆ ಅಲ್ವಾ? ಬುಡದಿಂದ ಎರಡು ಮೂರು ಗೆಣ್ಣು ಬಿಟ್ಟು, ಅದರ ಮೇಲೆ ಶುಚಿಯಾದ ಕತ್ತರಿಯಿಂದ ಕತ್ತರಿಸಿ. ಗಿಡ ಗಟ್ಟಿಯಾಗಿದ್ದರೆ ಆ ಗೆಣ್ಣಿನಿಂದಲೇ ಹೊಸ ಕವಲು ಒಡೆಯಬಹುದು. ದಂಟು ಒಣಗಿದ್ದರೆ ಬುಡಕ್ಕೇ ಕತ್ತರಿಸಿ, ಗಿಡವನ್ನು ರಾತ್ರಿ ಸ್ವಲ್ಪ ತಂಪಾಗಿರುವ ಜಾಗದಲ್ಲಿಡಿ.