ರಕ್ತಹೀನತೆ: ವರದಿ ಓದುವುದು ಹೇಗೆ, ಕಬ್ಬಿಣದ ಮಾತ್ರೆ ನುಂಗುವುದು ಹೇಗೆ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೂ, ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೂ ರಕ್ತಹೀನತೆ ಇತ್ತು. ಇಷ್ಟು ವ್ಯಾಪಕವಾಗಿರುವುದರಿಂದಲೇ ಇರಬೇಕು, ಅದರ ಲಕ್ಷಣಗಳನ್ನು ನಾವು ಮನೆಗೆಲಸದ ಆಯಾಸವೆಂದು ತಳ್ಳಿಹಾಕುತ್ತೇವೆ.

ಮೆಟ್ಟಿಲು ಹತ್ತುವಾಗ ಏದುಸಿರು, ಎದೆ ಬಡಿತ ಜೋರಾಗುವುದು, ತಲೆಸುತ್ತು, ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುವುದು ಸಾಮಾನ್ಯ ಲಕ್ಷಣಗಳು. ಕಬ್ಬಿಣದ ಕೊರತೆಯಿದ್ದವರಲ್ಲಿ ಉಗುರು ಒಳಬಾಗಿ ಚಮಚದ ಆಕಾರಕ್ಕೆ ತಿರುಗಬಹುದು. ಹಸಿ ಅಕ್ಕಿ, ಮಣ್ಣು, ಬಳಪ ತಿನ್ನಬೇಕೆನಿಸುವುದೂ ಇದರದೇ ಸೂಚನೆಯಾಗಿರಬಹುದು. ಅದನ್ನು ಕೆಟ್ಟ ಚಟವೆಂದು ಗದರಿಸುವುದಕ್ಕಿಂತ ರಕ್ತ ಪರೀಕ್ಷೆ ಮಾಡಿಸುವುದು ಲೇಸು.

ಮೊದಲು ಮಾಡಿಸಬೇಕಾದದ್ದು ಸಿ.ಬಿ.ಸಿ., ಅಂದರೆ ರಕ್ತಕಣಗಳ ಪೂರ್ಣ ಎಣಿಕೆಯ ಪರೀಕ್ಷೆ. ರಕ್ತದಲ್ಲಿ ಆಮ್ಲಜನಕ ಸಾಗಿಸುವ ಹಿಮೋಗ್ಲೋಬಿನ್ ಮಹಿಳೆಯರಲ್ಲಿ ಡೆಸಿಲೀಟರಿಗೆ 12 ಗ್ರಾಂ, ಗರ್ಭಿಣಿಯರಲ್ಲಿ 11, ಪುರುಷರಲ್ಲಿ 13ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ರಕ್ತಹೀನತೆ ಎನ್ನುತ್ತಾರೆ. ಆದರೆ ಅದೇ ವರದಿಯಲ್ಲಿ ಎಂ.ಸಿ.ವಿ. ಎಂಬ ಇನ್ನೊಂದು ಅಂಕಿ ಇರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಅದು ಕೆಂಪು ರಕ್ತಕಣದ ಗಾತ್ರವನ್ನು ಹೇಳುತ್ತದೆ. 80ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣದ ಕೊರತೆ ಅಥವಾ ಥಲಸ್ಸೀಮಿಯಾ ಎಂಬ ವಂಶವಾಹಿ ರಕ್ತದ ಕಾಯಿಲೆಯನ್ನು ಶಂಕಿಸಬೇಕು. 100 ದಾಟಿದ್ದರೆ ವಿಟಮಿನ್ ಬಿ12 ಅಥವಾ ಫೋಲಿಕ್ ಆಮ್ಲದ ಕೊರತೆಯಿರಬಹುದು. ಕಬ್ಬಿಣದ ಕೊರತೆಯೂ ಇವುಗಳ ಕೊರತೆಯೂ ಜೊತೆಗೂಡಿದಾಗ ಈ ಅಂಕಿ ಸರಿಯಾಗಿಯೇ ಕಾಣುವುದುಂಟು. ಕಬ್ಬಿಣದ ದಾಸ್ತಾನನ್ನು ತಿಳಿಸುವ ಫೆರಿಟಿನ್ ಪರೀಕ್ಷೆಯನ್ನು ಜ್ವರ, ಸೋಂಕು ಇರುವಾಗ ಮಾಡಿಸಿದರೆ ಕೊರತೆಯಿದ್ದರೂ ಅಂಕಿ ಹೆಚ್ಚು ತೋರಬಹುದು. ಸಸ್ಯಾಹಾರಿಗಳು, ಮಧುಮೇಹಕ್ಕೆ ಬಹಳ ಕಾಲ ಮೆಟ್‌ಫಾರ್ಮಿನ್ ನುಂಗುವವರು, ಕಾಲು ಜುಮುಗುಡುವವರು ಬಿ12 ಪರೀಕ್ಷೆಯನ್ನೂ ಕೇಳಬೇಕು, ಏಕೆಂದರೆ ಬಿ12 ಕೊರತೆಗೆ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಂಡು, ನರಗಳ ಹಾನಿ ಮಾತ್ರ ಮುಂದುವರಿಯುತ್ತದೆ.

ಕಬ್ಬಿಣದ ಕೊರತೆ ಖಚಿತವಾದ ಮೇಲೆ ಚಿಕಿತ್ಸೆ ಸರಳ. ಕೆಡುವುದು ಹೆಚ್ಚಾಗಿ ಮಾತ್ರೆ ನುಂಗುವ ಹೊತ್ತಿನಲ್ಲಿ. ಬೆಳಗಿನ ಕಾಫಿಯ ಜೊತೆ ನುಂಗಿದ ಮಾತ್ರೆಯ ಕಬ್ಬಿಣ ಬಹುಪಾಲು ದೇಹಕ್ಕೆ ಸೇರುವುದಿಲ್ಲ. ಕಾಫಿ, ಚಹಾ, ಹಾಲು, ಕ್ಯಾಲ್ಸಿಯಂ ಮಾತ್ರೆ, ಆಮ್ಲೀಯತೆಯ ಔಷಧ ಇವುಗಳಿಂದ ಎರಡು ಗಂಟೆಯಾದರೂ ದೂರವಿಟ್ಟು, ಸಾಧ್ಯವಾದರೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಜೊತೆಗೆ ನಿಂಬೆ ಪಾನಕ ಕುಡಿಯಬಹುದು. ವಾಕರಿಕೆ ಬಂದರೆ ಬಿಟ್ಟುಬಿಡದೆ ಊಟದ ನಂತರಕ್ಕೆ ಬದಲಾಯಿಸಿಕೊಳ್ಳಿ. ಮಲ ಕಪ್ಪಾಗುವುದು ಕಬ್ಬಿಣದಿಂದಲೇ, ಅದಕ್ಕೆ ಹೆದರಬೇಕಿಲ್ಲ. ಆದರೆ ಅದು ಡಾಂಬರಿನಂತೆ ಅಂಟಂಟಾಗಿ ದುರ್ವಾಸನೆ ಬೀರಿದರೆ ವೈದ್ಯರಿಗೆ ತಿಳಿಸಿ. ಒಮ್ಮೆ ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ, ಸುಮಾರು ಒಂದು ದಿನದವರೆಗೆ ಕರುಳು ಕಬ್ಬಿಣವನ್ನು ಹೀರುವುದನ್ನು ತಗ್ಗಿಸುತ್ತದೆ. ಹೊಟ್ಟೆಗೆ ಒಗ್ಗದ ಕೆಲವರಿಗೆ ವೈದ್ಯರು ದಿನ ಬಿಟ್ಟು ದಿನ ಬರೆದುಕೊಡುವುದು ಇದೇ ಕಾರಣಕ್ಕೆ. ಗರ್ಭಿಣಿಯರು ಮಾತ್ರ ತಾವಾಗಿ ಪ್ರಮಾಣವನ್ನು ಬದಲಿಸಬಾರದು. ಆಶಾ ಕಾರ್ಯಕರ್ತೆಯರು ತಲುಪಿಸುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದ್ದು, ರಕ್ತಹೀನತೆ ಇಲ್ಲದ ಗರ್ಭಿಣಿಯರಿಗೂ ಅದನ್ನು ದಿನಕ್ಕೊಂದರಂತೆ 180 ದಿನ ಕೊಡಲಾಗುತ್ತದೆ. ಮಾತ್ರೆಗಳನ್ನು ಮಕ್ಕಳ ಕೈಗೆ ಎಟುಕದಂತೆ ಇಡಿ, ಅತಿಯಾದ ಕಬ್ಬಿಣ ಮಗುವಿನ ಜೀವಕ್ಕೇ ಅಪಾಯ.

ಬೀಟ್‌ರೂಟ್ ರಸದ ಕೆಂಪಿಗೂ ರಕ್ತದ ಕೆಂಪಿಗೂ ಸಂಬಂಧವಿಲ್ಲ. ಸೊಪ್ಪು, ಹುರುಳಿ, ಅಲಸಂದೆಗಳಲ್ಲಿ ಕಬ್ಬಿಣವಿದೆ, ಮಾಂಸದ ಕಬ್ಬಿಣ ಇನ್ನೂ ಸುಲಭವಾಗಿ ದೇಹಕ್ಕೆ ಸೇರುತ್ತದೆ. ಕಾಳನ್ನು ಮೊಳಕೆ ಬರಿಸಿ, ಊಟಕ್ಕೆ ನಿಂಬೆಹಣ್ಣು ಹಿಂಡಿ, ಅಥವಾ ಸೀಬೆಹಣ್ಣು ತಿಂದರೆ ಹೀರುವಿಕೆ ಹೆಚ್ಚುತ್ತದೆ. ಆದರೂ ಬಲವಾದ ಕೊರತೆಯನ್ನು ಊಟವೊಂದೇ ತುಂಬಲಾರದು.

ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ ಸುಮಾರು ಒಂದು ಗ್ರಾಮಿನಷ್ಟಾದರೂ ಏರಬೇಕು. ಏರದಿದ್ದರೆ ಮಾತ್ರೆ ತಪ್ಪಿದೆಯೇ, ಮುಟ್ಟಿನ ರಕ್ತಸ್ರಾವ ಹೆಚ್ಚಿದೆಯೇ, ಕರುಳಿನಲ್ಲಿ ರಕ್ತ ಹೀರುವ ಕೊಕ್ಕೆಹುಳುವಿದೆಯೇ, ಕಾಯಿಲೆಯೇ ಬೇರೆಯೇ ಎಂದು ಮತ್ತೆ ನೋಡಬೇಕು. ಅಂಕಿ ಸರಿಹೋದ ಕೂಡಲೇ ಮಾತ್ರೆ ನಿಲ್ಲಿಸದೆ, ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಮುಂದುವರಿಸಬೇಕು. ಪುರುಷರಿಗೆ, ಮುಟ್ಟು ನಿಂತ ಮಹಿಳೆಯರಿಗೆ ಕಬ್ಬಿಣದ ಕೊರತೆ ಬಂದರೆ ಹೊಟ್ಟೆ ಅಥವಾ ಕರುಳಿನಲ್ಲಿ ಎಲ್ಲಿಯಾದರೂ ರಕ್ತ ಸೋರುತ್ತಿದೆಯೇ ಎಂದು ಪರೀಕ್ಷಿಸಲೇಬೇಕು. ಕೂತಲ್ಲೇ ಉಸಿರುಕಟ್ಟುವವರು, ಎದೆನೋವಿರುವವರು, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದ ಗರ್ಭಿಣಿಯರು ಮಾತ್ರೆಯನ್ನು ನಂಬಿ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.